ಅಂಬೆಲೆ

ಊರಿನ ಹೆಸರು ಮಾರ್ಚ್. ತಿಂಗಳು ಜುಲೈ.
ನಗಬೇಡಿ, ಮೊದಲ ವಾರ ನಾನೂ ನಕ್ಕಿದ್ದೆ.
ಇಲ್ಲಿಯ ಕಾಲುವೆಗಳಿಗೆ ತಾಯಂದಿರ ಹೆಸರಿಲ್ಲ,
ತೋಡಿದವರ ಅಳತೆಯೇ ಹೆಸರು:
ಹದಿನಾರಡಿ, ಇಪ್ಪತ್ತಡಿ, ನಲವತ್ತಡಿ.
ಊರಾಚೆಯ ಕರಿಮಣ್ಣು ಕಡಲಿಗಿಂತ ಕೆಳಗೆ ಕೂತಿದೆ,
ಪಂಪು ನಿಂತರೆ ಗೋಧಿಹೊಲ ಮತ್ತೆ ಜೌಗು.

ನನ್ನ ಕೆಲಸ ಎಣಿಸುವುದು.
ನೂರು ಮೀಟರಿಗೊಂದು ಗೂಟ, ಗೂಟಕ್ಕೊಂದು ಪುಟ.
ಹಗ್ಗದ ತುದಿಗೆ ಪಾತಾಳಗರಡಿ ಕಟ್ಟಿ ಎಸೆಯುತ್ತೇನೆ.
ಬಾವಿಗೆ ಬಿದ್ದ ಕೊಡ ಈವರೆಗೆ ಸಿಕ್ಕಿಲ್ಲ;
ಒಮ್ಮೆ ಮಗುವಿನ ಸೈಕಲ್ಲು ಬಂತು.

ಹನ್ನೊಂದನೇ ಗೂಟದಲ್ಲಿ ಬಂದದ್ದು ಹಸಿರು ಪಟ್ಟಿ,
ಮೊಳದುದ್ದ, ಬೆಳಕಿಗೆ ಹಿಡಿದರೆ
ಆಚೆಗಿನ ಬೆರಳು ಕಾಣುವಷ್ಟು ತೆಳು.
ನೀರು ಹೋದತ್ತ ಹೋಗುವ ಎಲೆ,
ತನ್ನ ಆಕಾರದ ಬಗ್ಗೆ ಇನ್ನೂ ಯೋಚಿಸಿರದ್ದು.
ಅದೇ ಬುಡದಿಂದ ಇನ್ನೊಂದು,
ಅಂಗೈ ಬಿಚ್ಚಿ ನೀರ ಮೇಲೆ ಒರಗಿದ್ದು, ದುಂಡು.
ಅದೇ ಬುಡದಿಂದ ಮೂರನೆಯದು
ಮೂರೇಣಿನ ತೊಟ್ಟು ಹಿಡಿದು
ಗಾಳಿಗೆ ಬಂದು ನಿಂತು
ಅಂಬು.
ಮೊನೆ ಮೇಲಕ್ಕೆ, ಎರಡು ಕೊಂಕು ಕೆಳಕ್ಕೆ.
ಬಿಲ್ಲಿಲ್ಲ, ಹೆದೆಯಿಲ್ಲ, ಯಾರ ಮೇಲೂ ಸಿಟ್ಟಿಲ್ಲ.

ಒಂದೇ ಗಿಡವೆಂದರೆ ಹೊಸಬರು ನಂಬುವುದಿಲ್ಲ.
ನಂಬಲೆಂದು ನಾನು ಒಂದನ್ನು ಮುರಿದೆ,
ಗಾಯದಲ್ಲಿ ಹಾಲು ಒಸರಿತು.

ರಭಸದ ನೀರಲ್ಲಿ ಅದು ಬಾಣ ಹೂಡುವುದಿಲ್ಲ.
ತೂಬಿನ ಬಾಯಲ್ಲಿ, ಸೆಳೆತ ಬಿಗಿಯಾದಲ್ಲಿ
ಪಟ್ಟಿಯಾಗಿಯೇ ಉಳಿಯುತ್ತದೆ ವರ್ಷಗಟ್ಟಲೆ,
ಹೂ ಬಿಡದೆ, ತಲೆಯೆತ್ತದೆ, ಸಾಯದೆ.
ಇಷ್ಟಕ್ಕೆ ವರದಿಯಲ್ಲಿ ಒಂದು ಅಂಕಿ ಸಾಕು.
ಬರೆದು ಸ್ವಲ್ಪ ಹೊತ್ತು ದಡದಲ್ಲೇ ಕೂತೆ.

ಹೂವೋ, ಮೂರರ ಮಗ್ಗಿ.
ಸುತ್ತಿಗೆ ಮೂರು ಹೂ, ಹೂವಿಗೆ ಮೂರು ಬಿಳಿ ಎಸಳು,
ಎಸಳ ಬುಡಕ್ಕೆ ನೇರಳೆಹಣ್ಣು ತಿಂದ ನಾಲಿಗೆಯ ಕಲೆ.
ಕೆಳಗಿನ ಸುತ್ತು ಹೆಣ್ಣು, ಮೇಲಿನದು ಗಂಡು.
ಹೆಣ್ಣು ಮೊದಲೇ ಅರಳಿ, ಕಾದು ಸಾಕಾಗಿ
ಹಸಿರು ಮುಳ್ಳುಂಡೆ ಕಟ್ಟುವ ಹೊತ್ತಿಗೆ
ಮೇಲೆ ಗಂಡು ನಿಧಾನವಾಗಿ ಕಣ್ಣು ಬಿಡುತ್ತದೆ.
ಅಷ್ಟರಲ್ಲಿ ಪಕ್ಕದ ಗಿಡದ ನೊಣ ಬಂದುಹೋಗಿದೆ.

ಸೆಪ್ಟೆಂಬರಿನಲ್ಲಿ ಸೆಚೆಲ್ ಬಂದ, ಕಳೆ ಕೊಯ್ಯುವ ದೋಣಿಯಲ್ಲಿ.
ಮುಂದೆ ಕತ್ತರಿ, ಹಿಂದೆ ಹೊಗೆ, ಮೂವತ್ತೊಂದು ವರ್ಷ,
ಎಡಗಿವಿಯನ್ನು ಇಂಜಿನ್ನಿಗೆ ಕೊಟ್ಟಾಗಿದೆ.
ನೀರು ಹೋಗಬೇಕು, ಅಡ್ಡ ಬಂದದ್ದು ಕಳೆ,
ಅವನ ಸಸ್ಯಶಾಸ್ತ್ರ ಅಷ್ಟೇ.
‘ಇದೊಂದು ಮಾತ್ರ ಕೊಯ್ದಷ್ಟೂ ಬರುತ್ತೆ,’ ಅಂದ,
ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ.

ಮೊಣಕೈವರೆಗೆ ಕೆಸರಲ್ಲಿ ತಡಕಿ ತೋರಿಸಿದೆ:
ಬಿಳಿ ಹುರಿಯ ತುದಿಗೆ ಒಂದು ಮೊಗ್ಗು,
ಗೋಲಿಗಿಂತ ತುಸು ದೊಡ್ಡದು,
ನೀಲಿ ಮೈ, ಹಳದಿ ಚುಕ್ಕಿ.
ಮಂಜು ಬಿದ್ದರೆ ಮೇಲಿನದೆಲ್ಲ ಕೊಳೆತು ಹೋಗುತ್ತದೆ,
ಇದು ತಳದಲ್ಲಿ ಕೂತು ಏಪ್ರಿಲ್ಲಿಗೆ ಕಾಯುತ್ತದೆ.
ಅವನು ಮೂಸಿ ನೋಡಿದ. ‘ತಿನ್ನಬಹುದಾ?’
ಬಾತುಗಳನ್ನು ಕೇಳು ಅಂದೆ.
‘ನಿಮ್ಮ ಕಡೆ ಇದಕ್ಕೇನಂತಾರೆ?’

ನಮ್ಮ ಗದ್ದೆಗಳಲ್ಲಿ ಇದರ ದಾಯಾದಿಯಿದೆ.
ಬೆಳಗಿನಿಂದ ಸೊಂಟ ಬಗ್ಗಿಸಿ ಕೀಳುವ ಹೆಂಗಸರಿಗೆ
ಹೆಸರು ಗೊತ್ತಿರಬೇಕು.
ಕಾಲೇಜಿನಿಂದ ಹಾಳೆಯೊತ್ತು ಹಿಡಿದು ಹೋದ ನಾನು
ಗಿಡ ಒಯ್ದೆ, ಹೆಸರು ಕೇಳಲಿಲ್ಲ.

ಸುಳ್ಳು ಹೇಳಲಾರದೆ ಅಲ್ಲೇ ಒಂದು ಕಟ್ಟಿದೆ.
ಅಂಬು ಎಂದರೆ ಬಾಣ, ಅಂಬು ಎಂದರೆ ನೀರು,
ಎರಡು ಭಾಷೆಯ ಎರಡು ಮಾತು
ಒಂದೇ ಬಾಯಲ್ಲಿ ಬಾಡಿಗೆಗಿವೆ.
ಬಾಣವೆಂದರೆ ಸರಿ; ನೀರೆಂದರೆ ಅರಿಸಮಾಸ,
ಪಂಡಿತರು ಬೈದಾರು, ಇಲ್ಲಿ ಯಾರಿದ್ದಾರೆ?
‘ಅಂಬೆಲೆ,’ ಅಂದೆ.

‘ಅಂಬ್ರೆಲಾ?’ ಬಲಗಿವಿ ತಿರುಗಿಸಿದ ಸೆಚೆಲ್.
‘ಮಳೆಗೆ ಸಣ್ಣದಾಯಿತಲ್ಲ.’
ಮೊಗ್ಗನ್ನು ಕೆಸರಿಗೇ ಬಿಟ್ಟು
ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಮರುದಿನ ಕಚೇರಿಯಲ್ಲಿ ಅವನ ದಿನಚರಿಯ ಹಾಳೆ,
ಎಣ್ಣೆಯ ಹೆಬ್ಬೆಟ್ಟಿನ ಗುರುತಿನ ಪಕ್ಕ:
ಗೂಟ ಹನ್ನೊಂದು. ಅಂಬ್ರೆಲಾ.
ಮೂರು ಗಜ ಬಿಟ್ಟಿದೆ.

ತಿದ್ದಲೆಂದು ಪೆನ್ನು ತೆಗೆದವಳು
ಕೆಳಗೆ ತಾರೀಖು ಹಾಕಿದೆ.